ಮಂಡಿಯ ಹಿಂದೊಂದು ಗಂಟು

ಆ ವರ್ಷ ಅಡಿಕೆ ಸುಲಿಯುವಾಗ, ಮೆಟ್ಟುಗತ್ತಿಯಿಂದ ಎದ್ದಾಗೆಲ್ಲ ಎಡಮಂಡಿಯ ಹಿಂದೆ ಏನೋ ಬಿಗಿದ ಹಾಗಾಗುತ್ತಿತ್ತು. ಮುಟ್ಟಿ ನೋಡಿದರೆ ನಿಂಬೆಹಣ್ಣಿನಷ್ಟು ಗಂಟು. ಕಾಲು ನೀಡಿದರೆ ಗಟ್ಟಿ, ಮಡಚಿದರೆ ಮೆತ್ತಗೆ. ‘ಎಣ್ಣೆ ಹಚ್ಚಿ ತಿಕ್ಕಿದ್ರೆ ಕರಗ್ತದೆ ಮಾರಾಯ್ತಿ’ ಎಂದರು ಅತ್ತಿಗೆ. ಹದಿನೈದು ದಿನ ತಿಕ್ಕಿದೆ. ಕರಗಿದ್ದು ಎಣ್ಣೆ.

ಸ್ಕ್ಯಾನಿಂಗ್ ಮಾಡಿಸಿದ ಮೂಳೆ ಡಾಕ್ಟರು ‘ಬೇಕರ್ ಸಿಸ್ಟ್’ ಎಂದಾಗ ನನಗೆ ನೆನಪಾದದ್ದು ಪೇಟೆಯ ಬೇಕರಿ. ಅದು 1877ರಲ್ಲಿ ಈ ಗಂಟಿನ ಬಗ್ಗೆ ಬರೆದ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಮೋರಂಟ್ ಬೇಕರ್ ಹೆಸರಂತೆ. ಒಳಗಿರುವುದು ಬರೀ ಕೀಲಿನ ನೀರು ಎಂದು ಕೇಳಿ ಹೆದರಿಕೆ ಇಳಿಯಿತು. ಹಾಗಾದರೆ ತೆಗೆದುಬಿಡಿ ಎಂದು ಹಠ ಹಿಡಿದೆ. ಮತ್ತೆ ತುಂಬಬಹುದು ಎಂದು ಅವರು ಹೇಳಿದ್ದು ಕಿವಿಗೆ ಬೀಳಲಿಲ್ಲ. ಸೂಜಿ ಹಾಕಿ ಎಳೆದರು, ತಿಳಿಹಳದಿ, ಲೋಳೆಲೋಳೆ. ಒಂದೂವರೆ ತಿಂಗಳಿಗೆ ಗಂಟು ಮೊದಲಿನ ಜಾಗದಲ್ಲೇ ಹಾಜರು.

ಆಮೇಲೊಂದು ಸಂಜೆ ಬಚ್ಚಲ ಮೆಟ್ಟಿಲಿಳಿಯುವಾಗ ಮೀನಖಂಡದೊಳಗೆ ಬಿಸಿನೀರು ಇಳಿದಂತಾಯಿತು. ಬೆಳಗಾಗುವುದರೊಳಗೆ ಕಾಲು ಬಾತು ಕೆಂಪಾಗಿತ್ತು. ಗಂಟು ಒಡೆದಿರಬೇಕು, ಪೀಡೆ ಹೋಯಿತು ಎಂದು ಒಳಗೊಳಗೇ ಖುಷಿ ನನಗೆ. ಡಾಕ್ಟರು ಮಾತ್ರ ನಗಲಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಹೀಗೇ ಬಾಯುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ನೋಡಿ ಹೇಳಲಾಗುವುದಿಲ್ಲ ಎಂದು ಆಗಲೇ ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ಹೆಪ್ಪು ಇರಲಿಲ್ಲ, ಒಡೆದದ್ದು ಗಂಟೇ. ನಾಲ್ಕು ದಿನಕ್ಕೆ ಹಿಮ್ಮಡಿಯ ಹತ್ತಿರ ನೀಲಿ ಇಳಿಯಿತು. ಕಾಲು ಎತ್ತರಿಸಿಟ್ಟು ಐಸ್ ಒತ್ತುತ್ತ ಮಲಗಿದ್ದೆ.

ಆಗ ಕೇಳಿದೆ: ಈ ನೀರು ಬರುವುದಾದರೂ ಎಲ್ಲಿಂದ? ನನ್ನ ಮಂಡಿ ಸವೆದಿತ್ತು. ಸವೆದ ಕೀಲು ಉರಿಗೆ ನೀರು ಹೆಚ್ಚು ಮಾಡುತ್ತದೆ. ಮಂಡಿ ಆಡಿದಾಗೆಲ್ಲ ಅದು ಹಿಂದಿನ ಸಣ್ಣ ಚೀಲಕ್ಕೆ ನುಗ್ಗುತ್ತದೆ, ಸುಲಭಕ್ಕೆ ವಾಪಸು ಬಾರದು. ಮಾಡು ಸೋರುವಾಗ ನಾನು ಕೆಳಗಿಟ್ಟ ಪಾತ್ರೆಯನ್ನಷ್ಟೇ ಚೆಲ್ಲಿದ್ದೆ.

ಮಂಡಿಯೊಳಗೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಆಯಿತು. ಆಪರೇಷನ್ ಎಂದೆ, ಸವೆತ ಹಾಗೇ ಇದ್ದರೆ ಆಮೇಲೂ ಗಂಟು ಮರಳಬಹುದು ಎಂದರು. ಉಳಿದದ್ದು ವ್ಯಾಯಾಮ: ಕಾಲು ನೀಡಿ ತೊಡೆ ಬಿಗಿಹಿಡಿದು ಹತ್ತು ಎಣಿಸುವುದು, ದಿನಾ. ಇಷ್ಟು ಬೇಜಾರಿನ ಔಷಧ ಇನ್ನೊಂದಿಲ್ಲ. ಮೆಟ್ಟುಗತ್ತಿ ಬಿಟ್ಟು ತರಕಾರಿಗೆ ಮೇಜು, ಚಾಕು ಹಿಡಿದೆ. ಅತ್ತಿಗೆಗೆ ಇದು ಇವತ್ತಿಗೂ ಸೋಮಾರಿತನ.

ಗಂಟು ಈಗಲೂ ಇದೆ, ಸುಲಿದ ಅಡಿಕೆಯಷ್ಟು. ಸ್ನಾನ ಮಾಡುವಾಗ ಒಮ್ಮೊಮ್ಮೆ ಮುಟ್ಟಿ ನೋಡುತ್ತೇನೆ.