ಪೆನಿಸಿಲಿನ್ ಒಗ್ಗದೆಂಬುದು ನಿಜವೇ?

ಪುರಸೈವಾಕ್ಕಂನ ನಮ್ಮ ಕನ್ನಡ ಮನೆಗಳಲ್ಲಿ “ನನಗೆ ಪೆನಿಸಿಲಿನ್ ಆಗಿಬರುವುದಿಲ್ಲ” ಎನ್ನುವ ಹಿರಿಯರು ಅಪರೂಪವಲ್ಲ. ಏನಾಗಿತ್ತೆಂದು ವಿಚಾರಿಸಿದರೆ ಒಬ್ಬರಿಗೆ ವಾಂತಿ, ಒಬ್ಬರಿಗೆ ಮೈತುಂಬ ಗಂದೆ, ಇನ್ನೊಬ್ಬರಿಗೆ ಸೂಜಿ ಚುಚ್ಚಿದೊಡನೆ ತಲೆಸುತ್ತು. ಮತ್ತೊಬ್ಬರಿಗೆ ನೆನಪೇ ಇಲ್ಲ, ಊರಿನಲ್ಲಿ ತಾಯಿ ಹೇಳಿದ ಮಾತು. ಇವೆಲ್ಲವೂ ನಮ್ಮ ‘ಆಗಿಬರುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ಅಡಗುತ್ತವೆ. ಕನ್ನಡವನ್ನರಿಯದ ವೈದ್ಯರು ಅದನ್ನು ‘ಅಲರ್ಜಿ’ ಎಂದು ಚೀಟಿಯಲ್ಲಿ ಬರೆದುಕೊಂಡರೆ ಆ ಬರಹ ಜೀವಮಾನವಿಡೀ ಹಿಂಬಾಲಿಸುತ್ತದೆ.

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಈ ಔಷಧವು ಕೆಲವರಿಗೆ ನಿಜವಾಗಿಯೂ ಒಗ್ಗದು. ಅಂಥವರಲ್ಲಿ ಅದು ಪ್ರಾಣಾಪಾಯವನ್ನೂ ತರಬಲ್ಲದು. ಆದರೆ ಪಾಶ್ಚಾತ್ಯ ದೇಶಗಳಲ್ಲಿ ನೂರಕ್ಕೆ ಸುಮಾರು 10 ಮಂದಿ ಈ ಹಣೆಪಟ್ಟಿಯನ್ನು ಹೊತ್ತಿದ್ದು, ಕ್ರಮವಾಗಿ ಪರೀಕ್ಷಿಸಿದಾಗ ಅವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಔಷಧವು ಒಗ್ಗುವುದೆಂದು ತಿಳಿದುಬಂದಿದೆ. ಬಾಲ್ಯದಲ್ಲಿ ಕಂಡ ದದ್ದು ಹಲವು ವೇಳೆ ವೈರಸ್ ಜ್ವರದ್ದಾಗಿರುತ್ತದೆ. ನಿಜವಾದ ಅಲರ್ಜಿಯೂ ಕಾಲಕ್ರಮದಲ್ಲಿ ಕುಂದುವುದುಂಟು. ಹತ್ತು ವರ್ಷಗಳಲ್ಲಿ ಸುಮಾರು ನೂರಕ್ಕೆ 80 ಮಂದಿಯಲ್ಲಿ ಅದು ಮರೆಯಾಗುತ್ತದೆ.

ತಪ್ಪು ಹಣೆಪಟ್ಟಿಯಿಂದ ನಷ್ಟವೇನು? ಕೀಲುವಾತ ಜ್ವರದಿಂದ ಹೃದಯದ ಕವಾಟ ಕೆಟ್ಟ ಬಾಲಕನಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಕೊಡುವ ಬೆಂಜತೀನ್ ಪೆನಿಸಿಲಿನ್ ಸೂಜಿಮದ್ದೇ ಉತ್ತಮ ರಕ್ಷೆ. ಗರ್ಭಿಣಿಗೆ ಸಿಫಿಲಿಸ್ ತಗಲಿದ್ದರೆ ಮಗುವನ್ನು ಕಾಪಾಡಲು ಇದಕ್ಕೆ ಸರಿಸಾಟಿಯಾದ ಔಷಧವಿಲ್ಲ. 11 ದೇಶಗಳಲ್ಲಿ 1,790 ಕೀಲುವಾತ ರೋಗಿಗಳಿಗೆ ಕೊಟ್ಟ 32,430 ಸೂಜಿಮದ್ದುಗಳನ್ನು ಪರಿಶೀಲಿಸಿ 1991ರಲ್ಲಿ ಪ್ರಕಟವಾದ ವರದಿಯಲ್ಲಿ ತೀವ್ರ ಅಲರ್ಜಿಯ ಆಘಾತ ಕಂಡದ್ದು ನಾಲ್ವರಲ್ಲಿ, ಒಬ್ಬರು ಮೃತರಾದರು. ಅಪಾಯವು ವಿರಳ, ಆದರೆ ಇಲ್ಲದಿಲ್ಲ. ಆದುದರಿಂದಲೇ ಪರೀಕ್ಷೆಯು ಅವಶ್ಯ.

ಪರೀಕ್ಷೆಯ ಮೊದಲ ಮೆಟ್ಟಿಲು ಪೂರ್ವವೃತ್ತಾಂತ. ಹಿಂದೆ ಅಪಾಯಕರ ಲಕ್ಷಣಗಳು ಕಂಡಿದ್ದವರಿಗೆ ತಜ್ಞರು ಚರ್ಮಪರೀಕ್ಷೆ ಮಾಡುತ್ತಾರೆ. ಚರ್ಮದ ಮೇಲೆ ಪೆನಿಸಿಲಿನ್ ದ್ರಾವಣದ ಹನಿಯಿಟ್ಟು ಮೆಲ್ಲನೆ ಚುಚ್ಚಿ, 15–20 ನಿಮಿಷ ಕಾದು ಗಂದೆ ಏಳುವುದೇ ಎಂದು ನೋಡುತ್ತಾರೆ. ಏಳದಿದ್ದರೆ ಚರ್ಮದೊಳಗೆ ಅಲ್ಪ ಪ್ರಮಾಣವನ್ನು ಸೇರಿಸಿ ಮತ್ತೆ ನೋಡುತ್ತಾರೆ. ಕೊನೆಗೆ ಅಮಾಕ್ಸಿಸಿಲಿನ್ ನುಂಗಿಸಿ ಒಂದು ಗಂಟೆಯಾದರೂ ಕಣ್ಗಾವಲಿನಲ್ಲಿ ಇರಿಸುತ್ತಾರೆ. ಅಪಾಯ ಕಡಿಮೆಯೆಂದು ಕಂಡವರಿಗೆ ಚರ್ಮಪರೀಕ್ಷೆಯಿಲ್ಲದೆ ನೇರವಾಗಿ ಮಾತ್ರೆ ಕೊಡುವುದೂ ಅಷ್ಟೇ ಕ್ಷೇಮವೆಂದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತೋರಿಸಿತು. ಸೂಜಿಮದ್ದಿಗೆ ಮೊದಲು ಅದೇ ಔಷಧದ ತೊಟ್ಟನ್ನು ಕೈಗೆ ಚುಚ್ಚುವ ರೂಢಿಯು ಇದಕ್ಕೆ ಸಮವಲ್ಲ. ಬೆಂಜತೀನಿನಂಥ ದಪ್ಪ ದ್ರಾವಣವು ಅಲರ್ಜಿಯಿಲ್ಲದವರ ಚರ್ಮವನ್ನೂ ಕೆಂಪಾಗಿಸಬಹುದು.

ಆದರೆ ಈ ಹಿಂದೆ ಚರ್ಮ ಸುಲಿದು ಬಾಯಿ, ಕಣ್ಣುಗಳಲ್ಲಿ ಹುಣ್ಣಾದವರು, ಔಷಧದಿಂದ ಯಕೃತ್ತು, ಮೂತ್ರಪಿಂಡಗಳಿಗೆ ಹಾನಿಯಾದವರು ಮತ್ತೆ ಪೆನಿಸಿಲಿನ್ ತೆಗೆದುಕೊಳ್ಳಲೇಬಾರದು. ಯಾರೂ ಮನೆಯಲ್ಲಿ ಸ್ವತಃ ಪರೀಕ್ಷಿಸಿಕೊಳ್ಳತಕ್ಕದ್ದಲ್ಲ. ಅಡ್ರಿನಲಿನ್ ಸೂಜಿಮದ್ದೂ ಅದನ್ನು ಕೊಡಬಲ್ಲ ವೈದ್ಯರೂ ಸಿದ್ಧವಿರುವ ಆಸ್ಪತ್ರೆಯಲ್ಲಿಯೇ ಇದು ನಡೆಯಬೇಕು.

ವಾಚಕರು ಮಾಡಬಹುದಾದದ್ದು ಇಷ್ಟು: ಮನೆಯ ಹಿರಿಯರನ್ನು ಕೇಳಿ ಒಂದು ಕಾಗದದಲ್ಲಿ ಔಷಧದ ಹೆಸರು, ವರ್ಷ, ತೆಗೆದುಕೊಂಡ ಎಷ್ಟು ಹೊತ್ತಿಗೆ ಏನಾಯಿತು, ಆಗ ಯಾವ ಚಿಕಿತ್ಸೆ ದೊರೆಯಿತು, ಅನಂತರ ಎಂದಾದರೂ ಅಮಾಕ್ಸಿಸಿಲಿನ್ ತೊಂದರೆಯಿಲ್ಲದೆ ಒಗ್ಗಿತೇ ಎಂಬುದನ್ನು ಬರೆದಿಡಿ. ವೈದ್ಯರ ಬಳಿ ‘ಆಗಿಬರುವುದಿಲ್ಲ’ ಎಂದಷ್ಟೇ ಹೇಳದೆ ಆದದ್ದನ್ನು ಆದಂತೆ ಹೇಳಿರಿ. ಪರೀಕ್ಷೆಯಲ್ಲಿ ಅಲರ್ಜಿ ಇಲ್ಲವೆಂದು ತಿಳಿದರೆ ಅದನ್ನು ಲಿಖಿತರೂಪದಲ್ಲಿ ಪಡೆದು, ಹಳೆಯ ಚೀಟಿಯ ಬರಹವನ್ನು ಹೊಡೆದುಹಾಕಿಸಿ. ಆಪತ್ಕಾಲದಲ್ಲಿ ತಕ್ಕ ಔಷಧವು ಕೈತಪ್ಪದಿರಲು ಈ ಅಲ್ಪ ಶ್ರಮವು ಸಾರ್ಥಕ.