ಠಾಣೆಯ ಮೆಟ್ಟಿಲು ಹತ್ತುವ ಮುನ್ನ



ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಬೀಜ, ಗೊಬ್ಬರ, ಸಸಿಮಡಿಗಳ ವಿಷಯ ಬರೆಯುವವನು. ನಾನು ಓದಿದ್ದು ಬೇಸಾಯದ ಡಿಪ್ಲೊಮಾ, ವಕೀಲಿಯಲ್ಲ. ಆದರೂ ಈ ಸಲ ಠಾಣೆ-ಕೋರ್ಟುಗಳ ವಿಷಯ ಬರೆಯಲು ಒಂದು ಕಾರಣವಿದೆ.

ಅಂಕೋಲೆಯ ಕಡೆಯ ಒಂದು ಊರಿನಲ್ಲಿ ಗಜನಿಯ ಕಟ್ಟಿನ ಬಾಗಿಲು ತೆಗೆದ ವಿಷಯವಾಗಿ ಇಬ್ಬರಲ್ಲಿ ಜಗಳವಾಯಿತು. ಉಪ್ಪುನೀರು ನುಗ್ಗಿ ಒಬ್ಬನ ಸಸಿ ಹಾಳಾಗಿತ್ತು. ಕೇಳಲು ಹೋದ ಅವನ ಕೈಗೆ ಬಡಿಗೆಯ ಏಟು ಬಿದ್ದು ಎಲುಬು ಮುರಿಯಿತು. ಊರವರು ಕೂಡಿ, "ಠಾಣೆ ಬೇಡ, ಊರಲ್ಲೇ ಮುಗಿಸೋಣ" ಎಂದರು. ಹಾಗೆ ಹೇಳಿದವರಲ್ಲಿ ನಾನೂ ಒಬ್ಬ. ರಾಜಿಯಾಗಲಿಲ್ಲ. ನಾಲ್ಕನೆಯ ದಿನ ಫಿರ್ಯಾದು ಬರೆಸಿದ್ದಾಯಿತು. ಬರೆದುದನ್ನು ಓದಿಸಿ ಕೇಳದೆ ಆತ ಹೆಬ್ಬೆಟ್ಟು ಒತ್ತಿದ. ಮುಂಜಾನೆ ನಡೆದುದು ಸಂಜೆ ಎಂದು ಬರೆದಿತ್ತು. ಕಣ್ಣಾರೆ ಕಂಡವರ ಹೆಸರೇ ಇರಲಿಲ್ಲ. "ಮೂರು ದಿನ ಏಕೆ ಸುಮ್ಮನಿದ್ದೆ?" ಎಂದು ಕೋರ್ಟಿನಲ್ಲಿ ಕೇಳಿದಾಗ ಆತ ತಡವರಿಸಿದ. ಆರೋಪಿ ಬಿಡುಗಡೆಯಾದ. ಏಟು ತಿಂದವನು ಇಂದಿಗೂ ಆ ಕೈಯಿಂದ ಗುದ್ದಲಿ ಎತ್ತಲಾರ. ನನ್ನ ಬುದ್ಧಿವಾದಕ್ಕೆ ಅವನು ತೆತ್ತ ಬೆಲೆ ಅದು. ಆದ್ದರಿಂದಲೇ ಈ ಪಾಠ.

ಫೌಜದಾರಿ ಪ್ರಕರಣಗಳು ಹೇಗೆ ನಡೆಯಬೇಕೆಂಬುದಕ್ಕೆ ಮೊದಲು 1898ರ ಕಾಯಿದೆಯಿತ್ತು. ಬಳಿಕ 1973ರದು ಬಂತು. ಈಗ ನಡೆಯುತ್ತಿರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023. ಇದು 2024ರ ಜುಲೈ 1ರಿಂದ ಜಾರಿಯಲ್ಲಿದೆ.

1. ಯಾವ ಜಗಳ ಎಲ್ಲಿಗೆ?

ಗದ್ದೆಯ ಗಡಿ, ಹಕ್ಕು, ಪಾಲು ಇವು ದಿವಾಣಿ ವ್ಯಾಜ್ಯಗಳು. ಇವುಗಳಿಗೆ ಭೂಮಾಪನ ಕಚೇರಿ ಹಾಗೂ ಸಿವಿಲ್ ಕೋರ್ಟು ಇವೆ. ಠಾಣೆಯಲ್ಲಿ ಗಡಿ ತೀರ್ಮಾನವಾಗದು. ಹೊಡೆತ, ಕಳವು, ಬೆಂಕಿಯಿಡುವುದು ಇವು ಅಪರಾಧಗಳು.

ಅಪರಾಧಗಳಲ್ಲಿಯೂ ಎರಡು ಬಗೆ. ಕೆಲವನ್ನು ಪೋಲೀಸರು ತಾವಾಗಿಯೇ ತನಿಖೆ ಮಾಡಬಹುದು; ಕೆಲವಕ್ಕೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಕಪಾಳಕ್ಕೆ ಒಂದೇಟು ಹೊಡೆದರೆ ಅದು ಎರಡನೆಯ ಬಗೆ. ಎಲುಬು ಮುರಿದರೆ ಅದು ತೀವ್ರ ಗಾಯವೆನಿಸಿ ಮೊದಲನೆಯ ಬಗೆಗೆ ಸೇರುತ್ತದೆ. 7 ವರ್ಷದವರೆಗೆ ಶಿಕ್ಷೆಯುಂಟು. ಆದುದರಿಂದ ಏಟು ಬಿದ್ದ ಕೂಡಲೇ ಸರಕಾರಿ ಆಸ್ಪತ್ರೆಗೆ ಹೋಗಿರಿ. "ಬಿದ್ದೆ" ಎಂದು ಸುಳ್ಳು ಹೇಳಬೇಡಿರಿ. ನಡೆದುದನ್ನು ಹೇಳಿ ದಾಖಲು ಮಾಡಿಸಿರಿ.

2. ಫಿರ್ಯಾದು

ಬಾಯಿಮಾತಿನಲ್ಲಿ ಹೇಳಿದರೂ ಸಾಕು. ಠಾಣಾಧಿಕಾರಿಯು ಅದನ್ನು ಬರೆದುಕೊಂಡು ನಿಮಗೆ ಓದಿ ಹೇಳಬೇಕು. ಅನಂತರವೇ ನಿಮ್ಮ ಸಹಿ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರು, ಯಾವುದರಿಂದ, ಕಂಡವರು ಯಾರು ಎಂಬ ಆರು ಸಂಗತಿಗಳು ಬಂದಿವೆಯೇ ನೋಡಿರಿ. ಕಂಡದ್ದಕ್ಕಿಂತ ಹೆಚ್ಚು ಸೇರಿಸಬೇಡಿರಿ. ಹಗೆಗಾಗಿ ಸ್ಥಳದಲ್ಲಿಲ್ಲದವನ ಹೆಸರು ಹಾಕಿದರೆ ನಿಜವಾದ ಮಾತೂ ಸುಳ್ಳಾಗಿ ಕಾಣುತ್ತದೆ.

ವರದಿಯ ಪ್ರತಿಯನ್ನು ನಿಮಗೆ ಪುಕ್ಕಟೆಯಾಗಿ ಕೊಡತಕ್ಕದ್ದು. "ಇದು ನಮ್ಮ ಹದ್ದಿನದಲ್ಲ" ಎಂದು ಹಿಂದೆ ಕಳಿಸುವಂತಿಲ್ಲ. ಕಾರವಾರದ ಹದ್ದಿನ ಅಪರಾಧವನ್ನು ಅಂಕೋಲೆಯಲ್ಲಿಯೂ ಬರೆಸಬಹುದು. ಫೋನು, ಕಂಪ್ಯೂಟರಿನ ಮೂಲಕ ತಿಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಬರೆದುಕೊಳ್ಳಲು ಒಪ್ಪದಿದ್ದರೆ ಜಿಲ್ಲಾ ಪೋಲೀಸ್ ಸುಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳಿಸಿರಿ. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು.

"ಫಿರ್ಯಾದು ಕೊಟ್ಟರೆ ರಾಜಿಯ ಬಾಗಿಲು ಮುಚ್ಚಿಹೋಯಿತಲ್ಲ?" ಎಂದು ನೀವು ಕೇಳಬಹುದು. ಹಾಗಲ್ಲ. ಕಾನೂನು ಹೆಸರಿಸಿದ ಹಲವು ಅಪರಾಧಗಳಲ್ಲಿ ಕೋರ್ಟಿನಲ್ಲಿಯೂ ರಾಜಿಗೆ ಅವಕಾಶವಿದೆ. ಮೊದಲು ಫಿರ್ಯಾದು, ಬಳಿಕ ರಾಜಿ ಎಂದರೆ ನಡೆದೀತು. ರಾಜಿಗಾಗಿ ಕಾದು ಬಳಿಕ ಫಿರ್ಯಾದು ಎಂದರೆ ಸಾಕ್ಷ್ಯ ಸವೆಯುತ್ತದೆ.

3. ಸಾಕ್ಷಿ ಹೇಳುವವರು

ಸ್ತ್ರೀಯರನ್ನೂ, 60 ವರ್ಷ ದಾಟಿದವರನ್ನೂ ಸಾಕ್ಷಿಗಾಗಿ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಪೋಲೀಸರು ಅವರ ಮನೆಗೆ ಬಂದು ಕೇಳಬೇಕು. ತನಿಖೆಯಲ್ಲಿ ಪೋಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯು ಸಹಿ ಹಾಕಬೇಕಾಗಿಲ್ಲ. ಪಂಚನಾಮೆಗೆ ಪಂಚರಾಗಿ ಹೋದವರು ಮಾತ್ರ ಓದಿಸಿ ಕೇಳಿಯೇ ಸಹಿ ಮಾಡಬೇಕು. ಬರಿಯ ಕಾಗದಕ್ಕೆ ಯಾರು ಹೇಳಿದರೂ ಸಹಿ ಬೇಡ.

4. ಬಂಧನವಾದರೆ

1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಹಿಂದಿನಿಂದ ಬಂದ ಕರನಿರಾಕರಣೆಯಲ್ಲಿ ಈ ತಾಲೂಕಿನ ರೈತರು ಜಮೀನು ಕಳೆದುಕೊಂಡರು, ಸೆರೆಮನೆ ಕಂಡರು. ಬಂಧಿತನಿಗೆ ಹಕ್ಕುಗಳುಂಟೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 22ನೆಯ ವಿಧಿ ಸಾರಿತು. ಅದೂ ಇತರ ಕಾಯಿದೆಗಳೂ ಸೇರಿ ಬಂಧಿತನಿಗೆ ಇಂದು ಇರುವ ಹಕ್ಕುಗಳು ಇಂತಿವೆ:

ಬಂಧನದ ಕಾರಣವನ್ನು ಕೂಡಲೇ ತಿಳಿಸಬೇಕು. ಮನೆಯವರಿಗೆ ಸುದ್ದಿ ಕೊಡಬೇಕು. ಪ್ರಯಾಣದ ವೇಳೆ ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು. ಜಾಮೀನು ಕೊಡತಕ್ಕ ಅಪರಾಧವಾದರೆ ಜಾಮೀನು ಹಕ್ಕೇ ಹೊರತು ದಯೆಯಲ್ಲ. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. ಸ್ತ್ರೀಯರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಬಂಧಿಸಬೇಕಾದರೆ ವಿಶೇಷ ಕಾರಣವಿರಬೇಕು. ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದಿರಬೇಕು.

7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನದ ಅಗತ್ಯ ಕಾಣದಿದ್ದರೆ ಪೋಲೀಸರು ಹಾಜರಾಗಲು ನೋಟೀಸು ಕೊಡುತ್ತಾರೆ. ನೋಟೀಸು ಬಂತೆಂದು ಗೋವೆಗೆ ಓಡಿಹೋಗಬೇಡಿರಿ. ಹಾಜರಾಗುತ್ತಿರುವವನನ್ನು ಬಂಧಿಸಬೇಕಾದರೆ ಕಾರಣ ಬರೆದಿಡಬೇಕಾಗುತ್ತದೆ. ಓಡಿದವನು ಆ ರಕ್ಷಣೆಯನ್ನು ತಾನೇ ಕಳೆದುಕೊಳ್ಳುತ್ತಾನೆ.

5. ವಕೀಲರಿಗೆ ಹಣವಿಲ್ಲದವರು

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಸ್ತ್ರೀಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಪುಕ್ಕಟೆ ವಕೀಲರು ದೊರೆಯುತ್ತಾರೆ. ಉಳಿದವರಲ್ಲಿ ಹಲವರಿಗೆ ವರಮಾನದ ಮಿತಿಯಿದೆ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 15100 ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು. ಹೊಲ ಅಡವಿಟ್ಟು ಸಾಲ ಮಾಡುವ ಮುನ್ನ ಅಲ್ಲಿ ಒಮ್ಮೆ ವಿಚಾರಿಸಿರಿ.

ಬಾಂಧವರೇ, ರೋಗ ಬಂದ ಮೇಲೆ ಔಷಧಿ ಹುಡುಕುವುದಕ್ಕಿಂತ ಬೀಜೋಪಚಾರ ಲೇಸೆಂದು ನಿಮಗೆ ನಾನು ಹೇಳುತ್ತಲೇ ಬಂದಿದ್ದೇನೆ. ಇದೂ ಹಾಗೆಯೇ. ಓದಬಲ್ಲವರು ಈ ಪಾಠವನ್ನು ಓದಲು ಬಾರದವರಿಗೆ, ಮುಖ್ಯವಾಗಿ ಮನೆಯ ಹೆಂಗಸರಿಗೆ, ಓದಿ ಹೇಳಿರಿ. ಇನ್ನು ಮುಂದೆ ನಿಮ್ಮ ಊರಿನಲ್ಲಿ ಯಾರಿಗಾದರೂ ಏಟು ಬಿದ್ದರೆ ನಾನು ಹೇಳುವ ಮಾತು ಒಂದೇ: ಮೊದಲು ಆಸ್ಪತ್ರೆ, ಅದೇ ದಿನ ಠಾಣೆ, ರಾಜಿಯ ಮಾತು ಆಮೇಲೆ.