ನಾರಿಸ್ ಅಣೆಕಟ್ಟೂ ಅದರ ಮೀನುಗಳೂ

ಎತ್ತರದಲ್ಲಿ ತಡೆದ ನೀರನ್ನು ಕೆಳಕ್ಕೆ ಬಿಟ್ಟು ವಿದ್ಯುಚ್ಛಕ್ತಿಯನ್ನು ಪಡೆಯಬಹುದೆಂಬದನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತಿರುವೆವು. ಆದರೆ ಹರಿಯುವ ನೀರು ನಿಂತಾಗ ಅದರೊಳಗಿನ ಜೀವಿಗಳ ಗತಿ ಏನಾಗುವದೆಂದು ವಿಚಾರಿಸುವವರು ಕಡಿಮೆ. ಇದನ್ನು ತಿಳಿಯುವದಕ್ಕಾಗಿ ಅಮೇರಿಕಾ ದೇಶದ ಟೆನ್ನೆಸೀ ಸಂಸ್ಥಾನದಲ್ಲಿರುವ ನಾರಿಸ್ ಅಣೆಕಟ್ಟನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

1933ನೇ ಮೇ ತಿಂಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಸಹಿ ಮಾಡಿದ ಕಾನೂನಿನಿಂದ ಟೆನ್ನೆಸೀ ಕಣಿವೆಯ ಪ್ರಾಧಿಕಾರವು ಹುಟ್ಟಿತು. ನೆರೆಯನ್ನು ತಡೆಯುವದೂ ಬಡ ಗ್ರಾಮಗಳಿಗೆ ವಿದ್ಯುತ್ತನ್ನು ಒದಗಿಸುವದೂ ಅದರ ಉದ್ದೇಶಗಳಾಗಿದ್ದವು. ಅದು ಮೊದಲು ಕಟ್ಟಿದ ಅಣೆಕಟ್ಟೇ ಇದು. ಕ್ಲಿಂಚ್ ನದಿಗೆ ಅಡ್ಡಲಾಗಿ 265 ಅಡಿ ಎತ್ತರವಾಗಿಯೂ 1,860 ಅಡಿ ಉದ್ದವಾಗಿಯೂ ಕಟ್ಟಲ್ಪಟ್ಟು, 1936ರಲ್ಲಿ ಪೂರ್ಣವಾಯಿತು. ಈ ಕಾನೂನಿಗಾಗಿ ಬಹು ಕಾಲ ಹೋರಾಡಿದ ಸೆನೆಟರ್ ಜಾರ್ಜ್ ನಾರಿಸರ ಹೆಸರನ್ನು ಇದಕ್ಕೆ ಇಟ್ಟರು.

ಈ ಬೆಳಕಿಗೆ ಬೆಲೆಯೂ ತೆರಬೇಕಾಯಿತು. ಸುಮಾರು 2,900 ಕುಟುಂಬಗಳು ಮನೆಮಾರುಗಳನ್ನು ಬಿಟ್ಟು ಹೋದವು. 5,000ಕ್ಕೂ ಹೆಚ್ಚು ಸಮಾಧಿಗಳನ್ನು ಅಗೆದು ಬೇರೆಡೆಗೆ ಸಾಗಿಸಿದರು. ಲಾಯ್ಸ್‌ಟನ್ ಎಂಬ ಊರು ಮುಳುಗಿತು. ಅದರ ಮೇಲೆ ಹರಡಿರುವ ವಿಶಾಲವಾದ ನೀರಿಗೆ ಇಂದಿಗೂ ಲಾಯ್ಸ್‌ಟನ್ ಸಮುದ್ರವೆಂದೇ ಹೆಸರು.

ಜಲಾಶಯವು ತುಂಬಿದ ಮೇಲೆ ಗಾಳ ಹಾಕಿ ಮೀನು ಹಿಡಿಯುವ ವಿನೋದಕ್ಕಾಗಿ ಜನರು ಬರತೊಡಗಿದರು. ವಸಂತಕಾಲದಲ್ಲಿ ಮೀನುಗಳು ಮೊಟ್ಟೆಯಿಡುವದರಿಂದ ಆಗ ಹಿಡಿಯಕೂಡದೆಂಬ ನಿಯಮವಿತ್ತು. ತಾಯಿಯನ್ನು ಹಿಡಿದರೆ ಸಂತತಿಯೇ ಅಳಿಯುವದೆಂದು ಯಾರಿಗಾದರೂ ತೋರುವದಷ್ಟೆ. ಆದರೆ ಜೀವಶಾಸ್ತ್ರಜ್ಞ ಎಶ್‌ಮೈಯರರೂ ಅವರ ಸಂಗಡಿಗರೂ ಪರೀಕ್ಷಿಸಿ ನೋಡಲಾಗಿ ಬೇರೆ ಸಂಗತಿ ಕಂಡುಬಂತು. ಒಂದೊಂದು ಮೀನು ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮರಿಗಳೆಲ್ಲವೂ ಬದುಕಿದರೆ ಅವುಗಳಿಗೆ ಆಹಾರವೇ ಸಾಲದು. ಗಾಳಕ್ಕೆ ಸಿಕ್ಕುವವು ಸ್ವಲ್ಪವೇ. ಮಿಕ್ಕವುಗಳಲ್ಲಿ ಹೆಚ್ಚಿನವು ಯಾರಿಗೂ ಉಪಯೋಗವಾಗದೆ ತಾವಾಗಿಯೇ ಸಾಯುತ್ತವೆ. ಆದಕಾರಣ 1944ರಲ್ಲಿ ವರ್ಷವಿಡೀ ಮೀನು ಹಿಡಿಯುವದಕ್ಕೆ ಅಲ್ಲಿ ಅಪ್ಪಣೆ ಕೊಟ್ಟರು. ಆದರೂ ಸಂತತಿ ಅಳಿಯಲಿಲ್ಲ. ಹೀಗೆಂದು ದುರಾಶೆಗೆ ಎಡೆಗೊಟ್ಟರೆಂದು ತಿಳಿಯಬಾರದು. ಇಷ್ಟು ಉದ್ದದ ಮೀನನ್ನು ಇಷ್ಟೇ ಸಂಖ್ಯೆಯಲ್ಲಿ ಹಿಡಿಯಬೇಕೆಂಬ ಮಿತಿಗಳು ಈಗಲೂ ಉಂಟು.

ಅಣೆಕಟ್ಟಿನ ಕೆಳಗಿನ ಕಥೆಯು ಬೇರೆ. ಯಂತ್ರಗಳ ಮೂಲಕ ಹೊರಬರುವದು ಜಲಾಶಯದ ಆಳದ ನೀರು. ಅದು ಬೇಸಗೆಯಲ್ಲಿಯೂ ತಣ್ಣಗಿರುತ್ತದೆ, ಅದರಲ್ಲಿ ಪ್ರಾಣವಾಯುವೂ ಕಡಿಮೆ. ಬೆಚ್ಚನೆಯ ನೀರಿಗೆ ಒಗ್ಗಿದ್ದ ಹಳೆಯ ಮೀನುಗಳೂ ಚಿಪ್ಪುಜೀವಿಗಳೂ ಅಲ್ಲಿ ಬಾಳಲಾರದೆ ಕ್ಷೀಣಿಸಿದವು. ಅವುಗಳಿಗೆ ಬದಲಾಗಿ ತಣ್ಣೀರಿನಲ್ಲಿ ಬದುಕುವ ಟ್ರೌಟ್ ಮೀನುಗಳನ್ನು ತಂದು ಬಿಟ್ಟರು. ಬಳಿಕ ಕೆಳಗಡೆ ಒಂದು ಚಿಕ್ಕ ಒಡ್ಡನ್ನು ಕಟ್ಟಿ, ನೀರು ಅದರ ಮೇಲಿಂದ ಬೀಳುವಾಗ ಗಾಳಿಯೊಡನೆ ಬೆರೆಯುವಂತೆ ಮಾಡಿದರು. ಯಂತ್ರಗಳು ಚಲಿಸತೊಡಗಿದರೆ ಹೊಳೆಯು ಬೇಗನೆ ಏರುವದರಿಂದ, ಗಾಳ ಹಾಕುವವರು ವೇಳೆಯನ್ನು ವಿಚಾರಿಸಿಕೊಂಡೇ ನೀರಿಗಿಳಿಯಬೇಕು.

ಒಂದೇ ಕಟ್ಟೆಯು ಮೇಲ್ಗಡೆ ಹೊಸ ಜೀವವನ್ನು ಪೋಷಿಸಿತು, ಕೆಳಗಡೆ ಹಳೆಯದನ್ನು ಅಳಿಸಿತು. ಸದುದ್ದೇಶದಿಂದ ಮಾಡಿದ ಕಾರ್ಯವಾದರೂ ಅದರ ಫಲವನ್ನು ಕಣ್ಣಿಟ್ಟು ಪರೀಕ್ಷಿಸಬೇಕು. ತಪ್ಪು ಕಂಡರೆ ತಿದ್ದಿಕೊಳ್ಳಬೇಕು. ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಮನೆಯಲ್ಲಿ ದೀಪವನ್ನು ಹೊತ್ತಿಸುವಾಗ, ಆ ಬೆಳಕು ಎಲ್ಲಿಂದ ಬಂತು, ಅದಕ್ಕಾಗಿ ಯಾರು ಏನನ್ನು ಬಿಟ್ಟುಕೊಟ್ಟರು ಎಂಬದನ್ನು ಅವರಿಗೆ ಹೇಳಿಕೊಡಬೇಕೆಂದು ನಮ್ಮ ಬಯಕೆ.